ಸರ್ವರಿನ ಮರುಚಾಲನೆ ಮತ್ತು ದತ್ತಸಂಚಯದ ಕ್ರಮಬದ್ಧ ನಿಲುಗಡೆ

ಶಾಸ್ತ್ರಗ್ರಂಥಕ್ಕೆ ಆದಿ, ಮಧ್ಯ, ಅಂತ್ಯ ಈ ಮೂರೆಡೆಗಳಲ್ಲಿಯೂ ಮಂಗಳವಿರಬೇಕೆಂಬುದು ಪ್ರಾಚೀನ ವೈಯಾಕರಣರ ಮತ. ಲೋಕವ್ಯವಹಾರದಲ್ಲಾದರೋ ಆದಿಗೆ ಸಲ್ಲುವ ಆದರ ಅಂತ್ಯಕ್ಕೆ ಸಲ್ಲುವುದು ವಿರಳ. ಅಂಗಡಿಯ ಪ್ರಾರಂಭೋತ್ಸವಕ್ಕೆ ತೋರಣ ಕಟ್ಟುತ್ತಾರೆ. ಪ್ರತಿರಾತ್ರಿ ಲೆಕ್ಕವನ್ನು ತಾಳೆನೋಡಿ, ಉಳಿದ ಹಣವನ್ನು ಪೆಟ್ಟಿಗೆಗಿಟ್ಟು, ದೀಪವಾರಿಸಿ ಬೀಗ ಹಾಕುವ ಗುಮಾಸ್ತನ ಕಡೆಗೆ ಯಾರ ದೃಷ್ಟಿಯೂ ಹರಿಯುವುದಿಲ್ಲ. ಆದರೂ ಮರುದಿನ ಬಾಗಿಲು ತೆರೆದಾಗ ವ್ಯಾಪಾರವು ಸುಗಮವಾಗಿ ಸಾಗುವುದೋ, ಅಥವಾ ತಾಳೆಯಾಗದ ರೊಕ್ಕವನ್ನು ಹುಡುಕುವುದರಲ್ಲಿಯೇ ಮಧ್ಯಾಹ್ನವಾಗುವುದೋ ಎಂಬುದು ನಿರ್ಣಯವಾಗುವುದು ಆ ಗುಮಾಸ್ತನ ಕೈಯಲ್ಲಿಯೇ.

ಗಣಕಯಂತ್ರಗಳ ಪ್ರಪಂಚದಲ್ಲಿಯೂ ಸ್ಥಿತಿ ಇದಕ್ಕಿಂತ ಭಿನ್ನವಾಗಿಲ್ಲ. ಬ್ಯಾಂಕಿನ ಖಾತೆ, ಪರೀಕ್ಷೆಯ ಅಂಕಪಟ್ಟಿ, ನಿವೃತ್ತಿವೇತನದ ಲೆಕ್ಕ, ಜಮೀನಿನ ಪಹಣಿ, ಆಸ್ಪತ್ರೆಯ ರೋಗಿಗಳ ವಿವರ ಮೊದಲಾದವೆಲ್ಲ ಇಂದು ಕಾಗದದ ಕಟ್ಟುಗಳಿಂದ ಹೊರಟು ದತ್ತಸಂಚಯಗಳನ್ನು ಸೇರಿವೆ. ಇವುಗಳಲ್ಲಿ ಬಹುಪಾಲು ಯುನಿಕ್ಸ್ ಅಥವಾ ಅದರ ಮಾದರಿಯನ್ನನುಸರಿಸಿದ ಲಿನಕ್ಸ್ ವ್ಯವಸ್ಥೆಯ ಸರ್ವರುಗಳ ಮೇಲೆ ಅಹೋರಾತ್ರಿ ನಡೆಯುತ್ತಿರುತ್ತವೆ. ಅಹೋರಾತ್ರಿ ನಡೆಯುವ ಯಂತ್ರವನ್ನೂ ಆಗಾಗ ನಿಲ್ಲಿಸಿ ಮತ್ತೆ ನಡೆಸಬೇಕಾಗುತ್ತದೆ. ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಸುರಕ್ಷತೆಯ ತಿದ್ದುಪಡಿ ಬಂದಿರಬಹುದು, ಡಿಸ್ಕು ಕೆಟ್ಟಿರಬಹುದು, ವಿದ್ಯುತ್ತು ಹೋಗಿ ಬ್ಯಾಟರಿಯ ಅವಧಿ ಮುಗಿಯುತ್ತ ಬಂದಿರಬಹುದು. ಆಗ ಯಂತ್ರಪಾಲಕನು ಒಂದು ಆಜ್ಞೆಯನ್ನು ಬೆರಳಚ್ಚಿಸುತ್ತಾನೆ. ಆ ಆಜ್ಞೆಗೂ ಯಂತ್ರವು ನಿಲ್ಲುವುದಕ್ಕೂ ನಡುವೆ ಇರುವ ಕೆಲವು ನಿಮಿಷಗಳಲ್ಲಿ, ಅನೇಕ ವೇಳೆ ಕೆಲವೇ ಸೆಕೆಂಡುಗಳಲ್ಲಿ, ನಡೆಯತಕ್ಕದ್ದೇನು, ನಡೆಯತಕ್ಕ ಕ್ರಮವೇನು ಎಂಬುದೇ ಪ್ರಕೃತ ವಿಷಯ. ಈ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಇದರಲ್ಲಿ ಹೊಸತು ಕಡಿಮೆಯೆನಿಸಬಹುದು. ಇತರರಿಗೆ ತಮ್ಮ ಹೆಸರೂ ಹಣವೂ ಎಂಥ ಕಾವಲಿನಲ್ಲಿವೆಯೆಂಬುದು ಇದರಿಂದ ತಿಳಿದೀತು.

ಪದದ ವಿಚಾರವಾಗಿ ಒಂದು ಮಾತು. ಇಂಗ್ಲಿಷಿನ 'ಡೇಟಾ' ಎಂಬುದು ಲ್ಯಾಟಿನ್ ಭಾಷೆಯಿಂದ ಬಂದುದು; 'ಕೊಡಲ್ಪಟ್ಟವು' ಎಂದು ಅದರ ಅರ್ಥ. ಸಂಸ್ಕೃತದ 'ದಾ' ಧಾತುವಿನಿಂದ ಹುಟ್ಟಿದ 'ದತ್ತ' ಶಬ್ದಕ್ಕೂ ಅರ್ಥ ಅದೇ. ಎರಡೂ ಒಂದೇ ಮೂಲದಿಂದ ಕವಲೊಡೆದ ಶಬ್ದಗಳಾದ್ದರಿಂದ 'ದತ್ತಸಂಚಯ' ಎಂಬ ಕನ್ನಡದ ಹೆಸರು ಬಲವಂತದ ಅನುವಾದವಲ್ಲ. ದೂರದ ದಾಯಾದಿಯನ್ನು ಮನೆಗೆ ಕರೆದಂತೆ. ಕೊಟ್ಟದ್ದನ್ನು ಕೊಟ್ಟಂತೆಯೇ ಹಿಂದಿರುಗಿಸುವ ಹೊಣೆ ಈ ಹೆಸರಿನೊಳಗೇ ಅಡಗಿದೆ.

ದತ್ತಸಂಚಯವು ಕೆಲಸಮಾಡುವ ಬಗೆಯನ್ನು ತಿಳಿಯಲು ಉತ್ತರ ಕರ್ನಾಟಕದ ಪೇಟೆಯ ಅಂಗಡಿಗಳ ಲೆಕ್ಕದ ಪದ್ಧತಿಗಿಂತ ಉತ್ತಮವಾದ ಉಪಮಾನ ಬೇಕಿಲ್ಲ. ಅಲ್ಲಿ ಎರಡು ಪುಸ್ತಕಗಳು: ಒಂದು ಕಿರ್ದಿ, ಇನ್ನೊಂದು ಖತಾವಣಿ. ದಿನದ ಕೊಡುಕೊಳೆಗಳೆಲ್ಲ ನಡೆದ ಕ್ರಮದಲ್ಲಿಯೇ ಕಿರ್ದಿಯಲ್ಲಿ ದಾಖಲಾಗುತ್ತವೆ. ಬಿಡುವಾದಾಗ ಗುಮಾಸ್ತನು ಅವನ್ನು ಖತಾವಣಿಯಲ್ಲಿ ಆಯಾ ವ್ಯಕ್ತಿಯ ಪುಟಕ್ಕೆ ಏರಿಸುತ್ತಾನೆ. ಕಿರ್ದಿಯಲ್ಲಿ ಬರೆಯದ ಯಾವ ಅಂಕಿಯೂ ಖತಾವಣಿಗೆ ಹೋಗಕೂಡದು ಎಂಬುದು ಕಟ್ಟುನಿಟ್ಟಾದ ನಿಯಮ. ಖತಾವಣಿಗೆ ಏರಿಸುತ್ತಿರುವಾಗಲೇ ಗುಮಾಸ್ತನು ಕಾಯಿಲೆಬಿದ್ದರೂ, ಇನ್ನೊಬ್ಬನು ಬಂದು ಕಿರ್ದಿಯನ್ನು ನೋಡಿ ಉಳಿದುದನ್ನು ಪೂರ್ಣಗೊಳಿಸಬಹುದು. ಎಲ್ಲಿಯವರೆಗೆ ಏರಿಸಿಯಾಗಿದೆಯೋ ಅಲ್ಲಿ ಒಂದು ಗುರುತು ಹಾಕಿದ್ದರೆ ಅವನ ಕೆಲಸ ಮತ್ತೂ ಹಗುರ.

ದತ್ತಸಂಚಯದ ನಿರ್ಮಾಪಕರು ಅನುಸರಿಸಿದ್ದು ಇದೇ ನ್ಯಾಯವನ್ನು. ಅವರ ಕಿರ್ದಿಗೆ 'ಲಾಗ್' ಎಂದು ಹೆಸರು. ಗುಮಾಸ್ತನ ಗುರುತಿಗೆ 'ಚೆಕ್‌ಪಾಯಿಂಟ್' ಎಂದು ಹೆಸರು. ದಾನಿಯೊಬ್ಬರ ಖಾತೆಯಿಂದ ವಿದ್ಯಾರ್ಥಿವೇತನದ ನಿಧಿಗೆ ೫,೦೦೦ ರೂಪಾಯಿ ವರ್ಗಾವಣೆಯಾಗುತ್ತಿದೆಯೆಂದು ಭಾವಿಸೋಣ. ಒಂದೆಡೆ ಕಳೆಯಬೇಕು, ಇನ್ನೊಂದೆಡೆ ಕೂಡಬೇಕು. ಕಳೆದಾದ ಮೇಲೆ, ಕೂಡುವುದಕ್ಕೆ ಮೊದಲು ಯಂತ್ರವು ನಿಂತುಹೋದರೆ ಹಣವು ದಾನಿಯಲ್ಲಿಯೂ ಇಲ್ಲ, ನಿಧಿಯಲ್ಲಿಯೂ ಇಲ್ಲ. ಆದಕಾರಣ ಈ ಎರಡು ಕ್ರಿಯೆಗಳನ್ನೂ ಒಂದೇ 'ವ್ಯವಹಾರ'ವೆಂದು ಗಣಿಸಿ, ಎರಡೂ ಲಾಗಿನಲ್ಲಿ ಬರೆಯಲ್ಪಟ್ಟು ಡಿಸ್ಕಿಗೆ ತಲುಪಿದ ಮೇಲೆಯೇ 'ಆಯಿತು' ಎಂಬ ಉತ್ತರವನ್ನು ಕೊಡತಕ್ಕದ್ದೆಂದು ವಿಧಿಸಲಾಗಿದೆ. ಅರ್ಧಕ್ಕೆ ನಿಂತದ್ದು ನಡೆದೇ ಇಲ್ಲವೆಂದು ಅಳಿಸಲ್ಪಡುತ್ತದೆ. ಈ ತತ್ತ್ವಗಳನ್ನು ಸ್ಪಷ್ಟವಾಗಿ ನಿರೂಪಿಸಿದವರಲ್ಲಿ ಐ.ಬಿ.ಎಂ. ಸಂಸ್ಥೆಯಲ್ಲಿ ದುಡಿದ ಜಿಮ್ ಗ್ರೇ ಅಗ್ರಗಣ್ಯರು. ಅದಕ್ಕಾಗಿ ಅವರಿಗೆ ೧೯೯೮ರ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಯಂತ್ರವು ಹಠಾತ್ತನೆ ನಿಂತಾಗ ಲಾಗನ್ನು ಓದಿ ಯಾವುದನ್ನು ಮರಳಿ ಮಾಡಬೇಕು, ಯಾವುದನ್ನು ಅಳಿಸಬೇಕು ಎಂಬ ಕ್ರಮವನ್ನು ವಿಸ್ತಾರವಾಗಿ ಪ್ರತಿಪಾದಿಸಿದ 'ಏರೀಸ್' ಎಂಬ ಪ್ರಸಿದ್ಧ ಪ್ರಬಂಧ ೧೯೯೨ರಲ್ಲಿ ಪ್ರಕಟವಾಯಿತು. ಅದರ ಪ್ರಥಮ ಲೇಖಕರಾದ ಸಿ. ಮೋಹನ್ ಮದರಾಸಿನ ಐ.ಐ.ಟಿ.ಯಲ್ಲಿ ವ್ಯಾಸಂಗ ಮಾಡಿದವರು.

ಇಷ್ಟೆಲ್ಲ ಏರ್ಪಾಡು ಏಕೆ ಬೇಕಾಯಿತು? ಡಿಸ್ಕು ನಿಧಾನ, ಸ್ಮೃತಿ ವೇಗ. ಪ್ರತಿಯೊಂದು ಬದಲಾವಣೆಯನ್ನೂ ಕೂಡಲೇ ಡಿಸ್ಕಿನ ಆಯಾ ಸ್ಥಾನಕ್ಕೆ ಒಯ್ದು ಬರೆಯುತ್ತ ಕುಳಿತರೆ ಕೆಲಸವೇ ಸಾಗದು. ಆದ್ದರಿಂದ ಬದಲಾದ ಪುಟಗಳು ಸ್ಮೃತಿಯಲ್ಲಿಯೇ ಕೆಲಕಾಲ ತಂಗುತ್ತವೆ. ಇಲ್ಲಿ ವಾಚಕರು ಅವಶ್ಯವಾಗಿ ಗಮನಿಸಬೇಕಾದ ಸಂಗತಿಯೆಂದರೆ ಹೀಗೆ ತಂಗುವ ಛತ್ರಗಳು ಒಂದಲ್ಲ, ಮೂರು. ಮೊದಲನೆಯದು ದತ್ತಸಂಚಯವು ತನಗಾಗಿ ಕಾದಿರಿಸಿಕೊಂಡ ಸ್ಮೃತಿ. ಎರಡನೆಯದು ಕರ್ನಲ್ ಇಟ್ಟುಕೊಂಡಿರುವ ಸ್ಮೃತಿ. ಮೂರನೆಯದು ಡಿಸ್ಕಿನೊಳಗೇ ಇರುವ ಪುಟ್ಟ ಸ್ಮೃತಿ. ವಿದ್ಯುತ್ತು ಹೋದರೆ ಸಾಮಾನ್ಯವಾಗಿ ಮೂರೂ ಬರಿದಾಗುತ್ತವೆ.

ಯುನಿಕ್ಸ್ ವ್ಯವಸ್ಥೆಯು ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರ ಕೈಯಲ್ಲಿ ರೂಪುಗೊಂಡಿತು. ಅದರ ಆರಂಭದ ವರ್ಷಗಳಿಂದಲೂ 'ಸಿಂಕ್' ಎಂಬ ಆಜ್ಞೆಯೊಂದುಂಟು. ಕರ್ನಲ್ಲಿನ ಛತ್ರದಲ್ಲಿ ತಂಗಿರುವುದನ್ನೆಲ್ಲ ಡಿಸ್ಕಿಗೆ ಕಳುಹಿಸೆಂಬುದು ಅದರ ಅರ್ಥ. ಹಿಂದಿನ ಕಾಲದ ಯಂತ್ರಪಾಲಕರು ಯಂತ್ರವನ್ನು ನಿಲ್ಲಿಸುವ ಮುನ್ನ ಈ ಆಜ್ಞೆಯನ್ನು ಮೂರು ಸಲ, ಮೂರು ಬೇರೆ ಬೇರೆ ಸಾಲುಗಳಲ್ಲಿ ಬರೆಯುತ್ತಿದ್ದರು. ಇದು ಮೂಢಾಚಾರವೆಂದು ನಕ್ಕವರುಂಟು. ಆದರೆ ಆಗಿನ ಸಿಂಕ್ ಆಜ್ಞೆಯು ಬರವಣಿಗೆ ಮುಗಿಯುವುದಕ್ಕೆ ಮೊದಲೇ ಹಿಂದಿರುಗಿ ಬರುತ್ತಿತ್ತು. ಎರಡನೆಯ, ಮೂರನೆಯ ಸಾಲನ್ನು ಬೆರಳಚ್ಚಿಸುವಷ್ಟರಲ್ಲಿ ಡಿಸ್ಕಿಗೆ ಬೇಕಾದ ಸಮಯ ದೊರೆಯುತ್ತಿತ್ತು. ಆಚಾರಕ್ಕೆ ಕಾರಣವಿತ್ತು. ಕಾರಣವನ್ನು ಮರೆತು ಮೂರನ್ನೂ ಒಂದೇ ಸಾಲಿನಲ್ಲಿ ಬರೆದವರು ಮಾತ್ರ ಮೂಢರು.

ಆದರೆ ಸಿಂಕ್ ಆಜ್ಞೆಯ ಅಧಿಕಾರ ಎರಡನೆಯ ಛತ್ರದ ಮೇಲೆ ಮಾತ್ರ. ಮೊದಲನೆಯದರಲ್ಲಿರುವ ಪುಟಗಳು ದತ್ತಸಂಚಯದ ಸ್ವಂತ ಆಸ್ತಿ. ದತ್ತಸಂಚಯವೇ ಹೊರಗೆ ಕಳುಹಿಸದ ಹೊರತು ಕರ್ನಲ್ ಅವನ್ನು ಅದರ ಕಡತಗಳಿಗೆ ಬರೆಯಲಾರದು. ಆದ್ದರಿಂದ ದತ್ತಸಂಚಯವುಳ್ಳ ಯಂತ್ರದಲ್ಲಿ ಸಿಂಕ್ ಮೂರು ಸಲವಲ್ಲ, ಮೂವತ್ತು ಸಲ ಬರೆದರೂ ಸಾಲದು. ದತ್ತಸಂಚಯಕ್ಕೆ 'ನಿಲ್ಲು' ಎಂದು ಹೇಳಬೇಕು. ಅದು ತನ್ನ ಖತಾವಣಿಯನ್ನು ಪೂರ್ಣಗೊಳಿಸಿ ಅಂತಿಮ ಗುರುತು ಹಾಕುವವರೆಗೆ ಕಾಯಬೇಕು.

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸುವುದು ಅವಶ್ಯ. ಲಾಗಿನಿಂದ ಸರ್ವವನ್ನೂ ಪುನಃ ಪಡೆಯಬಹುದಾದರೆ ಕ್ರಮಬದ್ಧವಾಗಿ ನಿಲ್ಲಿಸುವ ಗೊಡವೆಯೇಕೆ? ಹಠಾತ್ತನೆ ನಿಲ್ಲಿಸಿದರೂ ಎದ್ದಾಗ ದತ್ತಸಂಚಯವೇ ತನ್ನನ್ನು ಸರಿಪಡಿಸಿಕೊಳ್ಳುವುದಲ್ಲವೆ? ಇದು ಅಜ್ಞರ ಪ್ರಶ್ನೆಯಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾರ್ಜ್ ಕ್ಯಾಂಡಿಯಾ ಮತ್ತು ಅರ್ಮಾಂಡೊ ಫಾಕ್ಸ್ ೨೦೦೩ರಲ್ಲಿ ಇದನ್ನು ಒಂದು ಸಿದ್ಧಾಂತವಾಗಿಯೇ ಮಂಡಿಸಿದರು: ತಂತ್ರಾಂಶವು ನಿಲ್ಲುವುದಕ್ಕೆ ಪತನವೊಂದೇ ಮಾರ್ಗವಾಗಿರಲಿ, ಆರಂಭವಾಗುವುದಕ್ಕೆ ಪುನಶ್ಚೇತನವೊಂದೇ ಮಾರ್ಗವಾಗಿರಲಿ, ಆಗ ಪುನಶ್ಚೇತನದ ದಾರಿ ಸದಾ ಬಳಕೆಯಲ್ಲಿದ್ದು ತುಕ್ಕುಹಿಡಿಯದು ಎಂಬುದು ಅವರ ವಾದ. ಈ ವಾದದಲ್ಲಿ ಬಲವುಂಟು. ವಿದ್ಯುತ್ತು ಹೇಳಿಕೇಳಿ ಹೋಗುವುದಿಲ್ಲವಾದ್ದರಿಂದ ಪತನದಿಂದ ಏಳಲಾರದ ದತ್ತಸಂಚಯವನ್ನು ಯಾರೂ ನಂಬಕೂಡದೆಂಬುದನ್ನು ಒಪ್ಪಲೇಬೇಕು.

ಆದರೂ ಈ ವಾದವನ್ನು ನೆಚ್ಚಿ ಕೈಯಾರೆ ವಿದ್ಯುತ್ ತಂತಿಯನ್ನು ಕಿತ್ತುಹಾಕುವುದು ಉಚಿತವಲ್ಲ. ಕೊನೆಯ ಚೆಕ್‌ಪಾಯಿಂಟಿನಿಂದ ಈಚೆಗೆ ಲಾಗಿನಲ್ಲಿ ಎಷ್ಟು ಬರೆಯಲ್ಪಟ್ಟಿದೆಯೋ ಅಷ್ಟನ್ನೂ ಮರಳಿ ನಡೆಸಬೇಕಾಗುತ್ತದೆ; ಕಾರ್ಯಬಾಹುಳ್ಯವುಳ್ಳ ಸಂಚಯದಲ್ಲಿ ಇದಕ್ಕೆ ದೀರ್ಘಕಾಲ ಹಿಡಿಯುತ್ತದೆ, ಆವರೆಗೆ ಜನರು ಸಾಲಿನಲ್ಲಿ ಕಾಯುತ್ತಾರೆ. ಲಾಗ್ ಇಲ್ಲದ ಸಂಚಯಗಳೂ ಉಂಟು. ಮೈಎಸ್‌ಕ್ಯೂಎಲ್‌ನಲ್ಲಿ ೫.೫ನೆಯ ಆವೃತ್ತಿಯವರೆಗೆ, ಅಂದರೆ ೨೦೧೦ರವರೆಗೆ, ತಾನಾಗಿ ಆಯ್ಕೆಯಾಗುತ್ತಿದ್ದ ಮೈಐಸ್ಯಾಮ್ ಎಂಬ ಕೋಷ್ಟಕಪದ್ಧತಿಗೆ ಇಂಥ ಕಿರ್ದಿಯೇ ಇರಲಿಲ್ಲ. ಹಠಾತ್ತನೆ ನಿಂತರೆ ಕೋಷ್ಟಕವು ಭಗ್ನವೆಂದು ಗುರುತಾಗಿ, ದುರಸ್ತಿಯ ಆಜ್ಞೆ ಕೊಡಬೇಕಾಗುತ್ತಿತ್ತು, ದುರಸ್ತಿಯಲ್ಲಿ ಕೆಲವು ಸಾಲುಗಳು ಕಳೆದುಹೋಗುವ ಸಂಭವವೂ ಇತ್ತು. ಆ ಕಾಲದ ಕೋಷ್ಟಕಗಳು ಹಳೆಯ ಯಂತ್ರಗಳಲ್ಲಿ ಇನ್ನೂ ಉಳಿದಿರುವುದು ಅಸಂಭವವೇನಲ್ಲ. ಇನ್ನು ಆವೃತ್ತಿಯನ್ನು ಮೇಲ್ದರ್ಜೆಗೇರಿಸುವ ಸಂದರ್ಭ: ಪೋಸ್ಟ್‌ಗ್ರೆಸ್‌ನ ಮೇಲ್ದರ್ಜೆಯ ಉಪಕರಣವು ಹಳೆಯ ಸಂಚಯವು ಕ್ರಮವಾಗಿ ನಿಂತಿಲ್ಲವೆಂದು ಕಂಡರೆ ಮುಂದುವರಿಯಲು ಒಪ್ಪುವುದೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಮೂರನೆಯ ಛತ್ರದ ವಿಚಾರ. ಪುನಶ್ಚೇತನದ ಸಮಸ್ತ ಶಾಸ್ತ್ರವೂ 'ಡಿಸ್ಕಿಗೆ ತಲುಪಿತು' ಎಂಬ ಒಂದು ಮಾತನ್ನು ನಂಬಿ ನಿಂತಿದೆ. ತನ್ನ ಒಳಗಿನ ಸ್ಮೃತಿಯಲ್ಲಿಟ್ಟುಕೊಂಡು 'ಬರೆದೆ' ಎಂದು ಹೇಳುವ ಡಿಸ್ಕುಗಳುಂಟು. ಸುಳ್ಳುಸಾಕ್ಷಿಯನ್ನು ನಂಬಿದ ನ್ಯಾಯಾಧೀಶನ ಗತಿಯೇ ಆಗ ಆ ದತ್ತಸಂಚಯಕ್ಕೂ. ಪೋಸ್ಟ್‌ಗ್ರೆಸ್ ತನ್ನ ಪುಟವನ್ನು ೮ ಕಿಲೋಬೈಟಿನ ಅಳತೆಯಲ್ಲಿ ಬರೆಯುತ್ತದೆ, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ೧೬ ಕಿಲೋಬೈಟಿನ ಅಳತೆಯಲ್ಲಿ. ಡಿಸ್ಕಿನ ಒಂದು ಘಟಕವಾದರೋ ೫೧೨ ಅಥವಾ ೪,೦೯೬ ಬೈಟುಗಳದ್ದು. ಆದ್ದರಿಂದ ವಿದ್ಯುತ್ತು ಹೋದ ಕ್ಷಣದಲ್ಲಿ ಪುಟದ ಮೇಲ್ಭಾಗ ಹೊಸದಾಗಿಯೂ ಕೆಳಭಾಗ ಹಳೆಯದಾಗಿಯೂ ಉಳಿಯಬಹುದು. ಮೊದಲನೆಯದು ಪೂರ್ಣಪುಟವನ್ನೇ ಲಾಗಿನಲ್ಲಿ ಬರೆದಿಟ್ಟು, ಎರಡನೆಯದು ಪ್ರತಿ ಪುಟವನ್ನೂ ಎರಡು ಸಲ ಬರೆದು ಇದನ್ನು ನಿವಾರಿಸಿಕೊಂಡಿವೆ. ವೇಗದ ಆಸೆಯಿಂದ ಈ ರಕ್ಷಣೆಯನ್ನು ತೆಗೆದುಹಾಕಿದ ಯಂತ್ರಗಳೂ ಉಂಟು. ಅಂಥ ಕಡೆ ಹಠಾತ್ ನಿಲುಗಡೆಯೆಂದರೆ ಜೂಜು.

ಇನ್ನು ಯುನಿಕ್ಸ್ ತನ್ನ ಪ್ರಕ್ರಿಯೆಗಳಿಗೆ 'ನಿಲ್ಲು' ಎನ್ನುವ ಬಗೆ. ಪ್ರಕ್ರಿಯೆಗಳಿಗೆ ಸಂಕೇತಗಳನ್ನು ಕಳುಹಿಸುವ ಆಜ್ಞೆಗೆ 'ಕಿಲ್' ಎಂದು ಹೆಸರಿಟ್ಟಿದ್ದಾರೆ. ಕೊಲ್ಲುವುದಲ್ಲದೆ ಬರಿಯ ಸುದ್ದಿ ಮುಟ್ಟಿಸುವುದಕ್ಕೂ ಈ ಕ್ರೂರನಾಮವೇ. ಹೆಸರಿಟ್ಟವರಿಗೆ ಶಬ್ದವಿವೇಕ ಸಾಲದಾಗಿತ್ತೆನ್ನಬೇಕು. ಸಂಖ್ಯೆಯನ್ನು ಸೂಚಿಸದಿದ್ದರೆ ಹೋಗುವುದು ೧೫ನೆಯ ಸಂಕೇತ, ಸಿಗ್‌ಟರ್ಮ್. 'ಕೆಲಸ ಮುಗಿಸಿ ಹೊರಡು' ಎಂಬ ವಿನಯದ ಸೂಚನೆ ಅದು; ಪಡೆದ ಪ್ರಕ್ರಿಯೆಯು ತನ್ನ ಸಾಮಾನುಗಳನ್ನು ಕಟ್ಟಿಕೊಳ್ಳಬಹುದು. ೯ನೆಯದಾದ ಸಿಗ್‌ಕಿಲ್ ಹಾಗಲ್ಲ. ಅದನ್ನು ಯಾವ ಪ್ರಕ್ರಿಯೆಯೂ ತಡೆಯಲಾರದು, ಕೇಳಿಸಿಕೊಳ್ಳಲೂ ಆರದು. ಕರ್ನಲ್ ನೇರವಾಗಿ ಅದನ್ನು ಇಲ್ಲವಾಗಿಸುತ್ತದೆ. ಯಂತ್ರವು ನಿಲ್ಲುವ ಕೊನೆಯ ಘಟ್ಟದಲ್ಲಿ ಉಳಿದ ಪ್ರಕ್ರಿಯೆಗಳಿಗೆಲ್ಲ ಮೊದಲು ೧೫, ಸ್ವಲ್ಪ ಹೊತ್ತು ಬಿಟ್ಟು ೯ ಹೋಗುತ್ತದೆ. ಹಳೆಯ ಲಿನಕ್ಸ್ ವಿತರಣೆಗಳಲ್ಲಿ ಆ 'ಸ್ವಲ್ಪ ಹೊತ್ತು' ಕೆಲವೇ ಸೆಕೆಂಡು. ದೊಡ್ಡ ದತ್ತಸಂಚಯವು ತನ್ನ ಪುಟಗಳನ್ನೆಲ್ಲ ಅಷ್ಟರಲ್ಲಿ ಬರೆದು ಮುಗಿಸುವುದು ದುಸ್ಸಾಧ್ಯ. ಆದಕಾರಣ ಆ ಘಟ್ಟ ಬರುವುದಕ್ಕೆ ಬಹಳ ಮೊದಲೇ ದತ್ತಸಂಚಯವನ್ನು ಪ್ರತ್ಯೇಕವಾಗಿ ನಿಲ್ಲಿಸಿರಬೇಕು.

ಇದಕ್ಕಾಗಿ ಸಿಸ್ಟಮ್ ಫೈವ್ ಪರಂಪರೆಯ ಯುನಿಕ್ಸಿನಲ್ಲಿ ಒಂದು ಸೊಗಸಾದ ಏರ್ಪಾಡಿತ್ತು. ಯಂತ್ರದ ಅವಸ್ಥೆಗಳಿಗೆ ಸಂಖ್ಯೆಗಳನ್ನು ಕೊಟ್ಟು, ೦ ಎಂದರೆ ನಿಲುಗಡೆ, ೬ ಎಂದರೆ ಮರುಚಾಲನೆ ಎಂದು ನಿಗದಿಪಡಿಸಿದ್ದರು. ಪ್ರತಿ ಅವಸ್ಥೆಗೂ ಒಂದು ಕಡತಕೋಶ. ಅದರಲ್ಲಿ 'ಎಸ್' ಅಕ್ಷರದಿಂದ ಆರಂಭವಾಗುವ ಹೆಸರುಗಳು ಪ್ರಾರಂಭಕ್ಕೆ, 'ಕೆ' ಅಕ್ಷರದವು ನಿಲುಗಡೆಗೆ. ಅಕ್ಷರದ ಮುಂದಿನ ಸಂಖ್ಯೆಯು ಸರದಿಯನ್ನು ಹೇಳುತ್ತದೆ. ದತ್ತಸಂಚಯವು ಏಳುವಾಗ ಕೊನೆಯಲ್ಲಿ ಏಳಬೇಕು, ಏಕೆಂದರೆ ಅದಕ್ಕೆ ಡಿಸ್ಕೂ ಜಾಲವೂ ಸಿದ್ಧವಾಗಿರಬೇಕು. ಮಲಗುವಾಗ ಅದೇ ಕಾರಣದಿಂದ ಮೊದಲು ಮಲಗಬೇಕು. ಅದನ್ನು ಬಳಸುವ ತಂತ್ರಾಂಶಗಳು ಅದಕ್ಕಿಂತಲೂ ಮೊದಲು ನಿಲ್ಲಬೇಕು. ಪಂಕ್ತಿಯಲ್ಲಿ ಅತಿಥಿಗಳು ಏಳುವ ಮುನ್ನ ಬಡಿಸುವವರು ಮನೆಗೆ ಹೋಗುವುದಿಲ್ಲವಷ್ಟೆ!

ಸೊಗಸಾದ ಏರ್ಪಾಡಿನಲ್ಲಿಯೂ ಗುಂಡಿಗಳುಂಟು. ರೆಡ್‌ಹ್ಯಾಟ್ ವಿತರಣೆಯ ಹಳೆಯ ಆವೃತ್ತಿಗಳಲ್ಲಿ, ಒಂದು ಸೇವೆ ನಡೆಯುತ್ತಿದೆಯೆಂಬುದಕ್ಕೆ ಗುರುತಾಗಿ ನಿರ್ದಿಷ್ಟ ಕೋಶವೊಂದರಲ್ಲಿ ಆ ಸೇವೆಯ ಹೆಸರಿನ ಬರಿದಾದ ಕಡತವಿರಬೇಕಾಗಿತ್ತು. ಅದು ಇಲ್ಲದಿದ್ದರೆ, ಸೇವೆಯು ನಡೆಯುತ್ತಲೇ ಇಲ್ಲವೆಂದು ತಿಳಿದು 'ಕೆ' ಅಕ್ಷರದ ಲಿಪಿಯನ್ನು ಕರೆಯುತ್ತಲೇ ಇರಲಿಲ್ಲ. ಒರಾಕಲ್ ದತ್ತಸಂಚಯಕ್ಕೆ ಸ್ವಂತವಾಗಿ ಲಿಪಿ ಬರೆದುಕೊಂಡವರು ಈ ಕಡತವನ್ನು ಸೃಷ್ಟಿಸಲು ಮರೆಯುವುದು ಸಾಮಾನ್ಯ ದೋಷವಾಗಿತ್ತು. ಪ್ರಾರಂಭ ಸರಿಯಾಗಿ ನಡೆಯುತ್ತಿತ್ತು, ಲಿಪಿಯೂ ಇದ್ದಿತು, ಸರದಿಯೂ ಸರಿಯಿತ್ತು. ಆದರೂ ಮರುಚಾಲನೆಯಾದಾಗಲೆಲ್ಲ ದತ್ತಸಂಚಯವು ಸಿಗ್‌ಕಿಲ್‌ಗೆ ತುತ್ತಾಗುತ್ತಿತ್ತು. ಪುನಶ್ಚೇತನದ ಶಕ್ತಿಯಿಂದ ಅದು ಪ್ರತಿಸಲವೂ ಎದ್ದುಬಿಡುತ್ತಿದ್ದುದರಿಂದ ದೋಷವು ವರ್ಷಗಟ್ಟಲೆ ಕಾಣದೆಯೂ ಉಳಿಯಬಹುದಾಗಿತ್ತು.

ಇನ್ನೊಂದು ಗುಂಡಿ ಆಜ್ಞೆಯ ಆಯ್ಕೆಯಲ್ಲಿದೆ. ಸೊಲಾರಿಸ್‌ನ ಹಳೆಯ ಆವೃತ್ತಿಗಳಲ್ಲಿ 'ಇನಿಟ್ ೬' ಎಂದರೆ ನಿಲುಗಡೆಯ ಲಿಪಿಗಳೆಲ್ಲ ಕ್ರಮವಾಗಿ ನಡೆಯುತ್ತಿದ್ದವು. ಕೇವಲ 'ರೀಬೂಟ್' ಎಂದರೆ ಅವನ್ನು ದಾಟಿ ಯಂತ್ರವು ನೇರವಾಗಿ ಮರುಚಾಲನೆಗೊಳ್ಳುತ್ತಿತ್ತು. ಎ.ಐ.ಎಕ್ಸ್.ನಲ್ಲಿ 'ಶಟ್‌ಡೌನ್' ಆಜ್ಞೆಯು ಯಂತ್ರಪಾಲಕನು ಬರೆದಿಟ್ಟ ನಿಲುಗಡೆಯ ಲಿಪಿಯೊಂದನ್ನು ನಡೆಸುತ್ತದೆ. ಆ ಲಿಪಿಯು ವಿಫಲವಾದರೆ ನಿಲುಗಡೆಯನ್ನೇ ತಡೆಹಿಡಿಯುತ್ತದೆ, ಇದು ವಿವೇಕದ ನಡೆ. ಆಧುನಿಕ ಲಿನಕ್ಸಿನಲ್ಲಿ 'ರೀಬೂಟ್' ಎಂಬುದೂ ಕ್ರಮಬದ್ಧವೇ. ಆದರೆ ಅದಕ್ಕೆ ಬಲಾತ್ಕಾರದ ಸೂಚಕವಾದ 'ಎಫ್' ಅಕ್ಷರವನ್ನು ಸೇರಿಸಿದರೆ ಸೇವೆಗಳ ನಿಲುಗಡೆಯನ್ನು ಬಿಟ್ಟುಬಿಡುತ್ತದೆ. ಒಂದು ಯಂತ್ರದ ಅಭ್ಯಾಸವನ್ನು ಇನ್ನೊಂದಕ್ಕೆ ಒಯ್ಯುವವರು ಎಡವುವುದು ಇಲ್ಲಿಯೇ.

೨೦೧೦ರಲ್ಲಿ ಹೊರಬಂದ 'ಸಿಸ್ಟಮ್‌ಡಿ' ಈಗ ಲಿನಕ್ಸಿನ ಬಹುತೇಕ ವಿತರಣೆಗಳಲ್ಲಿ ಸಂಖ್ಯೆಗಳ ಸರದಿಯ ಸ್ಥಾನವನ್ನು ಪಡೆದಿದೆ. 'ಇದು ಅದರ ನಂತರ' ಎಂದು ಸಂಬಂಧವನ್ನು ಬರೆದಿಟ್ಟರೆ ಪ್ರಾರಂಭವು ಆ ಕ್ರಮದಲ್ಲಿಯೂ ನಿಲುಗಡೆಯು ತದ್ವಿರುದ್ಧವಾಗಿಯೂ ತಾನಾಗಿ ನಡೆಯುತ್ತದೆ. ಪ್ರತಿ ಸೇವೆಗೂ ನಿಲ್ಲಲು ಅವಧಿಯೊಂದುಂಟು. ಮೂಲದಲ್ಲಿ ಅದು ೯೦ ಸೆಕೆಂಡು, ಅದನ್ನೂ ಕಡಿಮೆ ಮಾಡಿದ ವಿತರಣೆಗಳುಂಟು. ಅವಧಿ ಮೀರಿದರೆ ಸಿಗ್‌ಕಿಲ್. ದತ್ತಸಂಚಯಕ್ಕೆ ಈ ಅವಧಿಯನ್ನು ಹೆಚ್ಚಿಸಿಕೊಳ್ಳುವುದು ಯಂತ್ರಪಾಲಕನ ಕರ್ತವ್ಯ. ಸೇವೆಯನ್ನು ಸಿಸ್ಟಮ್‌ಡಿಯ ಮೂಲಕ ಆರಂಭಿಸದೆ ಕೈಯಿಂದಲೇ ಆರಂಭಿಸಿದ್ದರಂತೂ ಅದರ ಪಾಲಿಗೆ ಆ ಸೇವೆ ನಡೆಯುತ್ತಲೇ ಇಲ್ಲ. ನಿಲ್ಲಿಸುವ ವಿಶೇಷವಿಧಿಯೂ ಜರುಗುವುದಿಲ್ಲ. ರೆಡ್‌ಹ್ಯಾಟಿನ ಹಳೆಯ ಗುಂಡಿಯೇ ಹೊಸ ರೂಪದಲ್ಲಿ!

ದತ್ತಸಂಚಯಗಳಲ್ಲಿಯೂ ನಿಲ್ಲುವ ಬಗೆಗಳು ಹಲವು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ೧೯೮೬ರಲ್ಲಿ ಆರಂಭವಾದ ಪೋಸ್ಟ್‌ಗ್ರೆಸ್ ಯೋಜನೆಯಿಂದ ಬೆಳೆದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಮೂರು. 'ಸ್ಮಾರ್ಟ್' ಎಂಬುದು ಹೊಸಬರನ್ನು ಒಳಬಿಡದೆ, ಇರುವವರೆಲ್ಲ ತಾವಾಗಿ ಹೊರಡುವವರೆಗೆ ಕಾಯುತ್ತದೆ. 'ಫಾಸ್ಟ್' ಎಂಬುದು ನಡೆಯುತ್ತಿರುವ ವ್ಯವಹಾರಗಳನ್ನು ರದ್ದುಗೊಳಿಸಿ, ಎಲ್ಲರನ್ನೂ ಹೊರಕಳುಹಿಸಿ, ಚೆಕ್‌ಪಾಯಿಂಟ್ ಹಾಕಿ ನಿಲ್ಲುತ್ತದೆ. 'ಇಮ್ಮೀಡಿಯೆಟ್' ಎಂಬುದು ಏನನ್ನೂ ಬರೆಯದೆ ನಿಂತುಬಿಡುತ್ತದೆ. ಏಳುವಾಗ ಪುನಶ್ಚೇತನ ಬೇಕು. ಇಲ್ಲಿಯ ಸ್ವಾರಸ್ಯವೆಂದರೆ ವಿನಯದ ಸಂಕೇತವಾದ ಸಿಗ್‌ಟರ್ಮ್ ತಲುಪಿದರೆ ಆಗುವುದು ಸ್ಮಾರ್ಟ್ ನಿಲುಗಡೆ. ಇಂದಿನ ತಂತ್ರಾಂಶಗಳು ದತ್ತಸಂಚಯದೊಡನೆ ಸಂಪರ್ಕವನ್ನು ದಿನಗಟ್ಟಲೆ ಹಿಡಿದುಕೊಂಡಿರುತ್ತವೆ. ಅವು ತಾವಾಗಿ ಹೊರಡುವುದಿಲ್ಲ. ಸಂಚಯವು ಸೌಜನ್ಯದಿಂದ ಕಾಯುತ್ತದೆ, ಕಾಯುತ್ತಲೇ ಅವಧಿ ಮೀರುತ್ತದೆ, ಕೊನೆಗೆ ಸಿಗ್‌ಕಿಲ್ ಬಂದೆರಗುತ್ತದೆ. ಅತಿವಿನಯವೇ ಅಪಘಾತಕ್ಕೆ ಕಾರಣವಾಗುವ ಈ ವಿಪರೀತವನ್ನು ಕಂಡೇ ಇರಬೇಕು, ೨೦೧೬ರಲ್ಲಿ ಬಿಡುಗಡೆಯಾದ ೯.೫ನೆಯ ಆವೃತ್ತಿಯಿಂದ ಅದರ ನಿಯಂತ್ರಕ ಆಜ್ಞೆಯು ತಾನಾಗಿ ಫಾಸ್ಟ್ ಬಗೆಯನ್ನೇ ಆರಿಸಿಕೊಳ್ಳುತ್ತದೆ. ಸಂಕೇತದ ಮೂಲಕ ನಿಲ್ಲಿಸುವವರು ಸಿಗ್‌ಟರ್ಮ್ ಬದಲು ೨ನೆಯದಾದ ಸಿಗ್‌ಇಂಟ್ ಅನ್ನು ಕಳುಹಿಸತಕ್ಕದ್ದು.

ಒರಾಕಲ್‌ನಲ್ಲಿ ಬಗೆಗಳು ನಾಲ್ಕು: ಎಲ್ಲರೂ ಹೊರಡಲೆಂದು ಕಾಯುವ 'ನಾರ್ಮಲ್', ನಡೆಯುತ್ತಿರುವ ವ್ಯವಹಾರ ಮುಗಿಯಲೆಂದು ಕಾಯುವ 'ಟ್ರಾನ್ಸಾಕ್ಷನಲ್', ಅವನ್ನು ರದ್ದುಗೊಳಿಸಿ ನಿಲ್ಲುವ 'ಇಮ್ಮೀಡಿಯೆಟ್', ಏನನ್ನೂ ನೋಡದೆ ನಿಲ್ಲುವ 'ಅಬಾರ್ಟ್'. ಇಮ್ಮೀಡಿಯೆಟ್ ಎಂಬ ಒಂದೇ ಹೆಸರು ಒಂದೆಡೆ ಕ್ರಮಬದ್ಧವಾದುದನ್ನೂ ಇನ್ನೊಂದೆಡೆ ಕ್ರಮಭಂಗವನ್ನೂ ಸೂಚಿಸುತ್ತಿರುವುದು ಗಮನಾರ್ಹ. ನಾನಾರ್ಥಪದಗಳು ಕಾವ್ಯಕ್ಕೆ ಭೂಷಣ, ಯಂತ್ರಕ್ಕೆ ಅಪಾಯ. ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಭೇದವನ್ನು ೦, ೧, ೨ ಎಂಬ ಸಂಖ್ಯೆಗಳಿಂದ ಸೂಚಿಸುತ್ತಾರೆ. ೧ ರೂಢಿಯದು, ೦ ಅತಿ ನಿಧಾನವಾದರೂ ಅತಿ ಪೂರ್ಣವಾದುದು, ೨ ಪತನಕ್ಕೆ ಸಮಾನವಾದುದು.

ಹೀಗಿರುವಾಗ ಅನುಭವಿಯಾದ ಯಂತ್ರಪಾಲಕನು ನಡೆಯುವ ಕ್ರಮವೆಂತು? ಮೊದಲು ಜನರಿಗೆ ತಿಳಿಸುತ್ತಾನೆ. ಶಟ್‌ಡೌನ್ ಆಜ್ಞೆಗೇ ಇಷ್ಟು ನಿಮಿಷಗಳ ನಂತರವೆಂದು ಹೇಳಿ, ಯಂತ್ರದಲ್ಲಿ ಕೆಲಸಮಾಡುತ್ತಿರುವ ಎಲ್ಲರ ಪರದೆಯ ಮೇಲೂ ಎಚ್ಚರಿಕೆ ಮೂಡಿಸುವ ಸಾಮರ್ಥ್ಯವುಂಟು. ಅನಂತರ ದತ್ತಸಂಚಯವನ್ನು ಬಳಸುವ ತಂತ್ರಾಂಶಗಳನ್ನು ನಿಲ್ಲಿಸುತ್ತಾನೆ. ದೀರ್ಘಕಾಲದಿಂದ ನಡೆಯುತ್ತಿರುವ ವ್ಯವಹಾರವಿದೆಯೇ ಎಂದು ನೋಡುತ್ತಾನೆ. ಇದು ಅಲ್ಪವಿಷಯವಲ್ಲ: ಮೂರು ಗಂಟೆ ನಡೆದ ಬದಲಾವಣೆಯನ್ನು ಒರಾಕಲ್‌ನಲ್ಲಿ ರದ್ದುಗೊಳಿಸಲು ಗಂಟೆಗಟ್ಟಲೆ ಹಿಡಿಯಬಹುದು, ನಡುವೆ ತಾಳ್ಮೆಗೆಟ್ಟು ಅಬಾರ್ಟ್ ಎಂದರೆ ಉಳಿದ ಭಾಗವನ್ನು ಎದ್ದ ಮೇಲೆ ರದ್ದುಗೊಳಿಸಲೇಬೇಕು. ಬಳಿಕ ನಿಲುಗಡೆಗೆ ಮುನ್ನವೇ ಕೈಯಾರೆ ಚೆಕ್‌ಪಾಯಿಂಟ್ ಹಾಕಿಸುತ್ತಾನೆ. ಇದರಿಂದ ನಿಲ್ಲುವ ಹೊತ್ತಿಗೆ ಬರೆಯಬೇಕಾದ ಪುಟಗಳು ಕೆಲವೇ ಉಳಿದು, ನಿಲುಗಡೆಯು ಅವಧಿಯೊಳಗೆ ಮುಗಿಯುತ್ತದೆ. ಆಮೇಲೆ ದತ್ತಸಂಚಯವನ್ನು ನಿಲ್ಲಿಸಿ, ನಿಂತಿತೆಂದು ಅದರ ಲಾಗಿನಲ್ಲಿ ಓದಿ ಖಚಿತಪಡಿಸಿಕೊಳ್ಳುತ್ತಾನೆ. ಪೋಸ್ಟ್‌ಗ್ರೆಸ್‌ನಲ್ಲಿ ನಿಯಂತ್ರಣ ಕಡತವನ್ನು ಓದುವ ಉಪಕರಣವೇ ಬೇರೆಯುಂಟು. ಸಂಚಯವು ಕ್ರಮವಾಗಿ ನಿಂತಿದೆಯೋ, ನಡೆಯುತ್ತಿದ್ದಂತೆಯೇ ಬಿದ್ದಿದೆಯೋ ಎಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ನೋಡಿದ ಮೇಲೆಯೇ ಮರುಚಾಲನೆಯ ಆಜ್ಞೆ.

ನಿಲ್ಲದೆ ಹಠಹಿಡಿದ ದತ್ತಸಂಚಯಕ್ಕೆ ಕೈಯಾರೆ ೯ನೆಯ ಸಂಕೇತವನ್ನು ಕಳುಹಿಸುವ ಪ್ರಲೋಭನೆ ಬಂದೇ ಬರುತ್ತದೆ. ಪೋಸ್ಟ್‌ಗ್ರೆಸ್‌ನ ಮುಖ್ಯಪ್ರಕ್ರಿಯೆಯನ್ನು ಹೀಗೆ ಕೊಂದರೆ ಅದರ ಕೈಕೆಳಗಿನ ಪ್ರಕ್ರಿಯೆಗಳು ಅನಾಥವಾಗಿ ಉಳಿದುಕೊಳ್ಳಬಹುದು. 'ಈ ಸಂಚಯವು ನಡೆಯುತ್ತಿದೆ' ಎಂದು ಸಾರುವ ಗುರುತಿನ ಕಡತವನ್ನೂ ಅಳಿಸಿ ಮತ್ತೆ ಆರಂಭಿಸಿದರೆ, ಒಂದೇ ಖತಾವಣಿಯಲ್ಲಿ ಇಬ್ಬರು ಗುಮಾಸ್ತರು ಪರಸ್ಪರ ಅರಿಯದೆ ಬರೆದಂತಾಗುವ ಸಂಭವವುಂಟು. ವಿದ್ಯುತ್ ಕಡಿತಕ್ಕಿಂತ ಘೋರವಾದ ಅನರ್ಥವಿದು; ಏಕೆಂದರೆ ವಿದ್ಯುತ್ತು ಹೋದಾಗ ಬರೆಯುವ ಕೈಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ.

ವಿದ್ಯುತ್ತಿನ ಮಾತು ಬಂದುದರಿಂದ ಹೇಳಬೇಕಾದುದು: ಬ್ಯಾಟರಿಯ ಆಸರೆ ಯಂತ್ರವನ್ನು ನಡೆಸುವುದಕ್ಕಿಂತ ನಿಲ್ಲಿಸುವುದಕ್ಕಾಗಿ ಇರುವುದು. ಬ್ಯಾಟ­ರಿ ಇಪ್ಪತ್ತು ನಿಮಿಷ ತಾಳುವುದಾದರೆ, ನಿಲುಗಡೆಗೆ ಹತ್ತು ನಿಮಿಷ ಬೇಕಾಗುವುದಾದರೆ, ಮೊದಲ ಕೆಲವು ನಿಮಿಷಗಳಲ್ಲಿಯೇ ನಿರ್ಧಾರವಾಗಬೇಕು. ವಿದ್ಯುತ್ತು ಈಗ ಬಂದೀತು, ಇನ್ನೊಂದು ಗಳಿಗೆಯಲ್ಲಿ ಬಂದೀತೆಂದು ಕಾದವರು ಕತ್ತಲೆಯಲ್ಲಿ ಉಳಿಯುತ್ತಾರೆ.

ಇಷ್ಟಾದರೂ ಪುನಶ್ಚೇತನದ ಶಾಸ್ತ್ರವೇ ಪರಿಪೂರ್ಣವೆಂದು ತಿಳಿದಿದ್ದವರಿಗೆ ೨೦೧೮ರಲ್ಲಿ ಒಂದು ಆಘಾತ ಕಾದಿತ್ತು. ಕಡತವೊಂದು ಡಿಸ್ಕಿಗೆ ತಲುಪಿತೇ ಎಂದು ಕೇಳುವ 'ಎಫ್‌ಸಿಂಕ್' ಎಂಬ ಕರೆಯು ಒಮ್ಮೆ ವಿಫಲವಾದರೆ, ದತ್ತಸಂಚಯವು ಮತ್ತೆ ಕೇಳುತ್ತಿತ್ತು. ಎರಡನೆಯ ಸಲ 'ಆಯಿತು' ಎಂಬ ಉತ್ತರ ಬರುತ್ತಿತ್ತು. ಆದರೆ ಲಿನಕ್ಸ್ ಕರ್ನಲ್ ಮೊದಲ ವೈಫಲ್ಯದ ನಂತರ ಆ ಪುಟಗಳನ್ನು ಬರೆದಾಯಿತೆಂದೇ ಗುರುತುಹಾಕಿಬಿಡುತ್ತಿತ್ತೆಂಬುದು ಪೋಸ್ಟ್‌ಗ್ರೆಸ್‌ನ ನಿರ್ಮಾಪಕರಿಗೆ ಆ ವರ್ಷ ಮನದಟ್ಟಾಯಿತು. ಎರಡನೆಯ 'ಆಯಿತು' ಪೊಳ್ಳು. ೨೦೧೯ರ ಫೆಬ್ರವರಿಯ ತಿದ್ದುಪಡಿಯಿಂದ ಈಚೆಗೆ ಪೋಸ್ಟ್‌ಗ್ರೆಸ್ ಮೊದಲ ವೈಫಲ್ಯದಲ್ಲಿಯೇ ತಾನಾಗಿ ಪತನಗೊಂಡು, ಲಾಗಿನಿಂದ ಪುನಃ ಏಳುತ್ತದೆ. ಕ್ಯಾಂಡಿಯಾ ಮತ್ತು ಫಾಕ್ಸರ ಪಕ್ಷಕ್ಕೆ ಇದು ಒಂದು ಗೆಲುವೆಂದೇ ಹೇಳಬೇಕು.

ಮರುಚಾಲನೆಯಾದ ಮೇಲೆ ಯಂತ್ರಪಾಲಕನು ಮಾಡತಕ್ಕ ಕೆಲಸ ಒಂದು ಉಳಿದಿರುತ್ತದೆ. ದತ್ತಸಂಚಯವು ಎದ್ದು ಬರೆದ ಮೊದಲ ಸಾಲುಗಳನ್ನು ಅವನು ಓದಬೇಕು. ಕ್ರಮವಾಗಿ ನಿಂತಿದ್ದರೆ, ಇಂಥ ವೇಳೆಯಲ್ಲಿ ನಿಲ್ಲಿಸಲಾಗಿತ್ತೆಂದು ಅಲ್ಲಿ ಬರೆದಿರುತ್ತದೆ. ಇಲ್ಲವಾದರೆ, ಸರಿಯಾಗಿ ನಿಲ್ಲಿಸಿರಲಿಲ್ಲ, ಪುನಶ್ಚೇತನ ನಡೆಯುತ್ತಿದೆಯೆಂದು ಬರೆದಿರುತ್ತದೆ. ಎರಡನೆಯದು ಕಂಡರೆ ಸಂಚಯವು ಎದ್ದಿತೆಂಬ ಸಂತೋಷದಲ್ಲಿ ಅದನ್ನು ಮರೆಯದೆ, ಅವಧಿ ಸಾಲದಾಯಿತೋ, ಗುರುತಿನ ಕಡತ ಇಲ್ಲವಾಯಿತೋ, ಸರದಿ ತಪ್ಪಿತೋ ಎಂಬುದನ್ನು ಅದೇ ದಿನ ಹುಡುಕಿ, ಇನ್ನೊಮ್ಮೆ ಮರುಚಾಲನೆ ಮಾಡಿ, ಮೊದಲನೆಯ ಸಾಲು ಬರುವವರೆಗೆ ಅವನ ಕೆಲಸ ಮುಗಿಯುವುದಿಲ್ಲ.